ಹಸಿದವರಿಗೆ ಪಡಿ, ರೈತರಿಗೆ ಬೆಲೆ: ಒಂದೇ ಹಣದಲ್ಲಿ ಎರಡೂ ಸಾಧ್ಯವೇ?

ಪ್ರಶ್ನೆ

ಮೂವತ್ತು ಮಂದಿ ಸ್ವಯಂಸೇವಕರಿರುವ ನಮ್ಮ ಗುಂಪು ಎರಡು ವರ್ಷಗಳಿಂದ ಸುಮಾರು ನೂರಿಪ್ಪತ್ತು ಕುಟುಂಬಗಳಿಗೆ ವಾರಕ್ಕೊಮ್ಮೆ ಧಾನ್ಯ, ಬೇಳೆ ಹಾಗೂ ತರಕಾರಿಯನ್ನು ಹಂಚುತ್ತ ಬಂದಿದೆ. ಧಾನ್ಯವನ್ನೂ ಬೇಳೆಯನ್ನೂ ದೇಣಿಗೆಯ ಹಣದಲ್ಲಿ ಕೊಳ್ಳುತ್ತೇವೆ. ತರಕಾರಿಯನ್ನು ಮಾತ್ರ ಸುತ್ತಲಿನ ಸಣ್ಣ ಹಿಡುವಳಿದಾರರು, ತಮ್ಮಲ್ಲಿ ಮಾರಾಟವಾಗದೆ ಉಳಿದಾಗ, ಉಚಿತವಾಗಿ ಕೊಡುತ್ತಾರೆ. ಹಸಿವನ್ನು ನೀಗಿಸುವುದು ಮತ್ತು ಸ್ಥಳೀಯ ಕೃಷಿಗೆ ಆಸರೆಯಾಗುವುದು ಎಂಬ ಎರಡು ಉದ್ದೇಶಗಳನ್ನು ನಮ್ಮ ಕರಪತ್ರದಲ್ಲಿ ಒಂದೇ ಸಾಲಿನಲ್ಲಿ ಮುದ್ರಿಸಿದ್ದೇವೆ. ಆದರೆ ಕಳೆದ ಕೊಯ್ಲಿನ ವೇಳೆ ರೈತರೊಬ್ಬರು, "ಬೆಳೆ ನಿಮಗೆ ದಾನವಾಯಿತು, ಅದನ್ನು ಬೆಳೆಯಲು ಮಾಡಿದ ಸಾಲ ನನ್ನಲ್ಲೇ ಉಳಿಯಿತು" ಎಂದು ನಗುತ್ತಲೇ ಹೇಳಿದಾಗ, ಎರಡನೆಯ ಉದ್ದೇಶಕ್ಕಾಗಿ ನಾವು ಈವರೆಗೆ ಏನನ್ನೂ ಮಾಡಿಲ್ಲವೆಂಬುದು ಅರಿವಿಗೆ ಬಂತು.

ಬೆಲೆ ಕೊಟ್ಟು ಕೊಳ್ಳೋಣವೆಂದರೆ ಗುಂಪಿನೊಳಗೇ ಒಮ್ಮತವಿಲ್ಲ. ಅದೇ ಹಣಕ್ಕೆ ಸಗಟು ಮಾರುಕಟ್ಟೆಯಲ್ಲಿ ಹೆಚ್ಚು ತರಕಾರಿ ಸಿಗುತ್ತದೆ, ಹಸಿದವರ ಹೆಸರಿನಲ್ಲಿ ಕೂಡಿಸಿದ ಹಣವನ್ನು ಬೇರೆಯವರ ನೆರವಿಗೆ ಬಳಸುವುದು ನ್ಯಾಯವಲ್ಲ ಎಂಬುದು ಕೆಲವರ ವಾದ. ಈ ಇಕ್ಕಟ್ಟನ್ನು ದಾಟಿದವರು ಯಾರಾದರೂ ಇದ್ದರೆ ದಯವಿಟ್ಟು ತಮ್ಮ ಅನುಭವವನ್ನು ತಿಳಿಸಬೇಕಾಗಿ ವಿನಂತಿ.

ಮೊದಲ ಉತ್ತರ

ತಾವು ಎಲ್ಲ ತರಕಾರಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿರುವುದರಿಂದ ಈ ಇಕ್ಕಟ್ಟು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತಿದೆ. ಕಿತ್ತು ತಂದ ಮೇಲೆ ಮಾರಾಟವಾಗದೆ ಉಳಿದದ್ದು ಬೇರೆ, ಬೆಲೆ ಕುಸಿದದ್ದರಿಂದ ಕೀಳದೆ ಹೊಲದಲ್ಲೇ ಬಿಟ್ಟದ್ದು ಬೇರೆ, ನಿಮಗಾಗಿಯೇ ಬೆಳೆದದ್ದು ಇನ್ನೂ ಬೇರೆ. ಮೊದಲನೆಯದನ್ನು ರೈತರು ಸಂತೋಷದಿಂದ ಕೊಟ್ಟರೆ ಪಡೆಯುವುದರಲ್ಲಿ ತಪ್ಪಿಲ್ಲ. ಎರಡನೆಯದರಲ್ಲಿ ಮಾತ್ರ ನಾವೆಲ್ಲರೂ ಎಡವುತ್ತೇವೆ. ಕೀಳುವ ಕೂಲಿ, ತುಂಬುವ ಚೀಲ ಅಥವಾ ಕ್ರೇಟು, ಸಾಗಣೆಯ ಬಾಡಿಗೆ ಇವೆಲ್ಲ ಸೇರಿ ಮಾರುಕಟ್ಟೆಯ ಬೆಲೆಯನ್ನು ಮೀರಿದಾಗಲೇ ಬೆಳೆ ಹೊಲದಲ್ಲಿ ನಿಲ್ಲುತ್ತದೆ. ಅಂಥ ಬೆಳೆಯನ್ನು "ಉಚಿತವಾಗಿ ಕಳುಹಿಸಿಕೊಡಿ" ಎಂದು ಕೇಳುವುದೆಂದರೆ, ಈಗಾಗಲೇ ನಷ್ಟದಲ್ಲಿರುವವರು ಇನ್ನಷ್ಟು ನಷ್ಟ ಮಾಡಿಕೊಳ್ಳಲಿ ಎಂದು ಕೇಳಿದಂತೆಯೇ ಸರಿ.

ಇದಕ್ಕೆ ನಾವು ಕಂಡುಕೊಂಡ ದಾರಿ ಹಕ್ಕಲು ಆಯುವ ಹಳೆಯ ಪದ್ಧತಿ. ಕೊಯ್ಲು ಮಾಡುವಾಗ ಹೊಲದ ಅಂಚನ್ನೂ ಉದುರಿದ ತೆನೆಯನ್ನೂ ಬಡವರಿಗೂ ಪರದೇಶಿಗಳಿಗೂ ಬಿಡಬೇಕೆಂಬ ನಿಯಮ ಪ್ರಾಚೀನ ಯಹೂದಿಗಳಲ್ಲಿತ್ತು. ಅಮೆರಿಕದ ಅರಿಜೋನಾದಲ್ಲಿ ಜಾನ್ ವ್ಯಾನ್ ಹೆಂಗೆಲ್ ಅವರು 1967ರಲ್ಲಿ ಆರಂಭಿಸಿದ, ಮೊದಲ ಫುಡ್ ಬ್ಯಾಂಕ್ (ದಾನವಾಗಿ ಬಂದ ಆಹಾರವನ್ನು ಕೂಡಿಸಿ ಹಂಚುವ ಕೇಂದ್ರ) ಎಂದು ಹೆಸರಾದ ಸಂಸ್ಥೆಯ ಹಿನ್ನೆಲೆಯಲ್ಲಿಯೂ ಹೀಗೆ ಉಳಿದ ಫಲವನ್ನು ಆಯ್ದು ತರುವ ಕೆಲಸವಿತ್ತು. ನಮ್ಮ ಸ್ವಯಂಸೇವಕರೇ ಹೊಲಕ್ಕೆ ಹೋಗಿ ಕೀಳುತ್ತಾರೆ, ವಾಹನವನ್ನು ನಾವೇ ಒಯ್ಯುತ್ತೇವೆ, ರೈತರು ಜೊತೆಗಿದ್ದು ತೋರಿಸಿಕೊಟ್ಟರೆ ಅವರಿಗೆ ಆ ದಿನದ ಕೂಲಿಯನ್ನು ಕೊಡುತ್ತೇವೆ. ಬಿಸಿಲೇರುವ ಮೊದಲೇ ಕೆಲಸ ಮುಗಿಯಬೇಕು, ಏಕೆಂದರೆ ಬಾಡಿದ ಸೊಪ್ಪು ಹಂಚುವ ಹೊತ್ತಿಗೆ ಕಸವಾಗಿರುತ್ತದೆ. ಕೀಟನಾಶಕ ಸಿಂಪಡಿಸಿ ಎಷ್ಟು ದಿನಗಳಾದವು, ಅದಕ್ಕೆ ನಿಗದಿಯಾದ ಕಾಯುವ ಅವಧಿ ಮುಗಿದಿದೆಯೇ ಎಂದು ಕೇಳದೆ ಒಂದು ಎಲೆಯನ್ನೂ ಮುಟ್ಟಬೇಡಿ. ಉತ್ಸಾಹಿಗಳು ಸಾಲು ತುಳಿದು ಮುಂದಿನ ಬೆಳೆಯನ್ನು ಹಾಳುಗೆಡವಿದರೆ ಆ ಹೊಲದ ಬಾಗಿಲು ಮತ್ತೆ ತೆರೆಯುವುದಿಲ್ಲ. ಇದನ್ನು ನಾವು ಒಮ್ಮೆ ಅನುಭವಿಸಿಯೇ ಕಲಿತೆವು.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಹಕ್ಕಲನ್ನು ನಂಬಿ ನೂರಿಪ್ಪತ್ತು ಕುಟುಂಬಗಳಿಗೆ ಪ್ರತಿ ವಾರವೂ ಮಾತು ಕೊಡಲಾಗದು. ಬೆಲೆ ಚೆನ್ನಾಗಿದ್ದ ವರ್ಷ ಹೊಲದಲ್ಲಿ ಏನೂ ಉಳಿಯುವುದಿಲ್ಲ, ಮತ್ತು ತರಕಾರಿ ತುಟ್ಟಿಯಾದ ಅದೇ ವರ್ಷ ಬಡವರಿಗೆ ಅದು ಹೆಚ್ಚು ಬೇಕಾಗಿರುತ್ತದೆ. ಆದ್ದರಿಂದ ಪ್ರಶ್ನೆಯಲ್ಲಿರುವ ಮೂಲ ವಿಷಯಕ್ಕೆ, ಅಂದರೆ ಹಣ ಕೊಟ್ಟು ಕೊಳ್ಳುವುದಕ್ಕೆ, ಮರಳಲೇಬೇಕು.

ಸಗಟು ಬೆಲೆಯೊಂದಿಗೆ ಹೋಲಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಸಣ್ಣ ರೈತರಿಗೆ ಎಲ್ಲಕ್ಕಿಂತ ದುಬಾರಿಯಾಗಿರುವುದು ಅನಿಶ್ಚಿತತೆ. ಬಿತ್ತುವಾಗ ಕೊಳ್ಳುವವರು ಯಾರೆಂದು ತಿಳಿದಿರುವುದಿಲ್ಲ, ಮಾರುವಾಗ ದಲ್ಲಾಳಿ ಹೇಳಿದ್ದೇ ಬೆಲೆ. ಬಿತ್ತನೆಗೆ ಮುಂಚೆಯೇ "ಇಷ್ಟು ವಾರ, ವಾರಕ್ಕೆ ಇಷ್ಟು ತೂಕ, ಈ ದರ" ಎಂದು ಬರೆದುಕೊಟ್ಟು, ಒಂದು ಪಾಲನ್ನು ಮುಂಗಡವಾಗಿ ಕೊಟ್ಟರೆ, ಮಾರುಕಟ್ಟೆಯ ಚಿಲ್ಲರೆ ದರಕ್ಕಿಂತ ಬಹಳ ಕಡಿಮೆಗೆ ಒಪ್ಪುವವರು ಇದ್ದಾರೆ. ಅವರಿಗೆ ಬಡ್ಡಿಯ ಸಾಲ ತಪ್ಪುತ್ತದೆ, ನಮಗೆ ಪೂರೈಕೆ ಖಚಿತವಾಗುತ್ತದೆ. ಜಪಾನಿನಲ್ಲಿ 1970ರ ದಶಕದಲ್ಲಿ ಬೆಳೆದ, ರೈತರೂ ಗ್ರಾಹಕರೂ ನೇರವಾಗಿ ಕೈಜೋಡಿಸುವ "ತೇಕೇ" ಎಂಬ ಪದ್ಧತಿಯೂ, ಅಮೆರಿಕದಲ್ಲಿ 1986ರ ಸುಮಾರಿಗೆ ಶುರುವಾದ, ಗ್ರಾಹಕರೇ ಬೆಳೆಯಲ್ಲಿ ಪಾಲು ಕೊಳ್ಳುವ ವ್ಯವಸ್ಥೆಯೂ ನಿಂತಿರುವುದು ಇದೇ ಅಡಿಪಾಯದ ಮೇಲೆ. ಆದರೆ ಇಂಥ ಪಾಲನ್ನು ಕೊಳ್ಳುವವರು ಹೆಚ್ಚಾಗಿ ಮುಂಗಡ ಕಟ್ಟಬಲ್ಲ ಅನುಕೂಲಸ್ಥರು. ಬಡ ಕುಟುಂಬಗಳ ಪರವಾಗಿ ನಿಮ್ಮ ಗುಂಪೇ ಪಾಲುದಾರನಾದರೆ ಆ ಕೊರತೆಯೂ ತುಂಬುತ್ತದೆ.

ದೊಡ್ಡ ಪ್ರಮಾಣದಲ್ಲಿ ಇದು ನಡೆಯಬಲ್ಲದು ಎಂಬುದಕ್ಕೆ ಬ್ರೆಜಿಲ್ ಸಾಕ್ಷಿ. ಅಲ್ಲಿನ ಸರ್ಕಾರವು 2003ರಿಂದ ಸಣ್ಣ ಕೃಷಿಕ ಕುಟುಂಬಗಳಿಂದ, ಟೆಂಡರಿನ ಗೋಜಿಲ್ಲದೆ, ಆಹಾರವನ್ನು ನೇರವಾಗಿ ಕೊಂಡು ಕೊರತೆಯಲ್ಲಿರುವವರಿಗೆ ಹಂಚುವ ಯೋಜನೆಯನ್ನು ಜಾರಿಗೆ ತಂದಿತು. 2009ರ ಕಾನೂನು ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ರಷ್ಟನ್ನು ಅಂಥ ಕುಟುಂಬಗಳ ಬೆಳೆಗೇ ಮೀಸಲಿಟ್ಟಿತು. ಅದಕ್ಕೂ ಮೊದಲು, 1993ರಲ್ಲಿ, ಬೆಲೊ ಹೊರಿಜಾಂಟೆ ನಗರವು ಆಹಾರಕ್ಕೆಂದೇ ಒಂದು ಇಲಾಖೆಯನ್ನು ತೆರೆದು, ಸುತ್ತಲಿನ ರೈತರಿಗೆ ನಗರದೊಳಗೆ ನೇರವಾಗಿ ಮಾರುವ ಜಾಗ ಒದಗಿಸಿತ್ತು. ಸರ್ಕಾರದ ಬೊಕ್ಕಸ ನಮ್ಮ ಬಳಿ ಇಲ್ಲವೆಂಬುದು ನಿಜವಾದರೂ, ಕೊಳ್ಳುವವರು ಯಾರೆಂದು ಬಿತ್ತುವ ಮೊದಲೇ ಗೊತ್ತಿರಬೇಕೆಂಬ ಸೂತ್ರವನ್ನು ಎರಡು ಎಕರೆಗೂ ಅನ್ವಯಿಸಬಹುದು. ಮೊದಲ ವರ್ಷ ತರಕಾರಿಯ ಅಗತ್ಯದಲ್ಲಿ ಕಾಲು ಭಾಗಕ್ಕಷ್ಟೇ ಒಪ್ಪಂದ ಮಾಡಿಕೊಳ್ಳಿ. ಬೇಗ ಕೆಡದ ಗೆಡ್ಡೆ, ಕುಂಬಳದಂಥವುಗಳಿಂದ ಶುರುಮಾಡಿದರೆ ಶೀತಲಗೃಹದ ಚಿಂತೆಯೂ ಇರುವುದಿಲ್ಲ.

ಮೂರನೆಯ ಉತ್ತರ

ಇಷ್ಟು ಹೊತ್ತು ಪಡಿ ಪಡೆಯುವವರ ಮಾತೇ ಬರಲಿಲ್ಲವೆಂಬುದು ನನಗೆ ವಿಚಿತ್ರವಾಗಿ ತೋರುತ್ತದೆ. ಆಹಾರ ಸಾಕಷ್ಟು ಇದ್ದಾಗಲೂ, ಅದನ್ನು ಪಡೆಯುವ ಶಕ್ತಿ ಕಳೆದುಕೊಂಡವರು ಹಸಿವಿಗೆ ತುತ್ತಾಗುತ್ತಾರೆ ಎಂದು ಅಮರ್ತ್ಯ ಸೇನ್ ಅವರು 1981ರಲ್ಲೇ ಬರಗಾಲಗಳನ್ನು ಅಧ್ಯಯನ ಮಾಡಿ ತೋರಿಸಿದ್ದರು. ಹಾಗಿದ್ದ ಮೇಲೆ ಚೀಲವನ್ನೇ ಏಕೆ ಕೊಡಬೇಕು? ರೈತರ ಸಂತೆಯಲ್ಲಿ ಮಾತ್ರ ಚಲಾವಣೆಯಾಗುವ ಚೀಟಿಯನ್ನು ಕೊಟ್ಟರೆ ಕುಟುಂಬವು ತನಗೆ ಬೇಕಾದುದನ್ನು ಆರಿಸಿಕೊಳ್ಳುತ್ತದೆ, ರೈತರಿಗೆ ಪೂರ್ಣ ಬೆಲೆ ಸಿಗುತ್ತದೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2009ರಲ್ಲಿ ಆರಂಭವಾದ ಯೋಜನೆಯೊಂದು, ಸರ್ಕಾರದ ಆಹಾರ ನೆರವಿನ ಹಣವನ್ನು ಅಂಥ ಸಂತೆಯಲ್ಲಿ ಖರ್ಚು ಮಾಡಿದವರಿಗೆ ಹಣ್ಣು ತರಕಾರಿಗಾಗಿ ಅಷ್ಟೇ ಮೊತ್ತವನ್ನು ಸೇರಿಸಿ ಕೊಡುತ್ತದೆ. ಹಸಿದವರ ಹಣವೋ ರೈತರ ಹಣವೋ ಎಂಬ ಜಗಳ ಅಲ್ಲಿ ಹುಟ್ಟುವುದೇ ಇಲ್ಲ, ಏಕೆಂದರೆ ಒಂದೇ ನೋಟು ಇಬ್ಬರ ಕೈಯನ್ನೂ ಹಾದು ಹೋಗುತ್ತದೆ. ಸಂತೆಗೆ ಬರಲಾಗದ ವೃದ್ಧರಿಗೂ ಅಶಕ್ತರಿಗೂ ಮಾತ್ರ ಚೀಲ ಮುಂದುವರಿಯಲಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಿನ್ನೆ ಗುಂಪಿನ ಸಭೆಯಲ್ಲಿ ಎಲ್ಲವನ್ನೂ ಓದಿದೆವು. ನಮ್ಮಲ್ಲಿ ವಾರದ ಸಂತೆ ಪಡಿ ಪಡೆಯುವವರ ಮನೆಗಳಿಂದ ದೂರವಿರುವುದರಿಂದ ಚೀಟಿಯ ಯೋಜನೆಯನ್ನು ಸದ್ಯಕ್ಕೆ ಇಪ್ಪತ್ತು ಕುಟುಂಬಗಳಿಗೆ ಸೀಮಿತಗೊಳಿಸಿದ್ದೇವೆ. ಇಬ್ಬರು ರೈತರೊಂದಿಗೆ ಮುಂಗಡದ ಮಾತುಕತೆ ನಡೆದಿದೆ. ಸಾಲದ ಮಾತನ್ನಾಡಿದವರು ಅವರಲ್ಲೊಬ್ಬರು. ಉಳಿದಿರುವುದು ಒಂದೇ ಸಂದೇಹ: ಮಳೆ ಕೈಕೊಟ್ಟು ಬೆಳೆ ಬಾರದಿದ್ದರೆ ಮುಂಗಡವನ್ನು ಹಿಂದಕ್ಕೆ ಕೇಳಬೇಕೆ?

ಎರಡನೆಯ ಉತ್ತರ ಬರೆದವರಿಂದ

ಕೇಳಬಾರದು, ಮತ್ತು ಕೇಳುವುದಿಲ್ಲವೆಂದು ಒಪ್ಪಂದದಲ್ಲೇ ಬರೆಯಬೇಕು. ಹಿಂದಿರುಗಿಸಬೇಕಾದ ಮುಂಗಡಕ್ಕೂ ಸಾಲಕ್ಕೂ ಅವರ ಪಾಲಿಗೆ ವ್ಯತ್ಯಾಸವಿರುವುದಿಲ್ಲ. ನಿಮ್ಮ ಭಯ ಸಹಜವಾದುದೇ; ಅದಕ್ಕಾಗಿಯೇ ಒಬ್ಬರ ಬದಲು ಇಬ್ಬರೊಂದಿಗೆ, ಸಾಧ್ಯವಾದರೆ ಬೇರೆ ಬೇರೆ ನೀರಿನ ಮೂಲವಿರುವ ಹೊಲಗಳೊಂದಿಗೆ ಒಪ್ಪಂದ ಮಾಡಿಕೊಳ್ಳಿ, ಮತ್ತು ಧಾನ್ಯದ ಖಾತೆಯಲ್ಲಿ ಎರಡು ವಾರಗಳ ಹಣವನ್ನು ಮುಟ್ಟದೆ ಇಟ್ಟುಕೊಂಡಿರಿ.