ಅಟ್ರೋಪಿನ್ ಕೊಟ್ಮೇಲೆ ಜೊಲ್ಲು ನಿಂತೋಯ್ತು, ಮಾಂಸ ಅದುರೋದು ಯಾಕೆ ನಿಲ್ಲಲಿಲ್ಲ?

ಕೆರಗೋಡು ಹೈದ:
ಹೋದ್ ತಿಂಗ್ಳು ನಮ್ ಚಿಕ್ಕಪ್ಪ ಬದನೆಗೆ ಔಷಧಿ ಹೊಡೀತಿದ್ರು, ಬೆನ್ನಿಗಾಕೊಳ್ಳೋ ಕ್ಯಾನ್ ಸೋರಿ ಅಂಗಿ ಪೂರ್ತಿ ನೆಂದೈತೆ, ಅದ್ನೇ ಹಾಕ್ಕೊಂಡು ಬದಿನ ಮೇಲೆ ಕೂತು ಬೀಡಿ ಬೇರೆ ಸೇದವ್ರೆ. ಸ್ವಲ್ಪ ಹೊತ್ಗೆ ವಾಂತಿ, ಬೆವರು, ಬಾಯಲ್ಲಿ ಜೊಲ್ಲು, ಕಣ್ ಪಾಪೆ ಸೂಜಿಮೊನೆಯಷ್ಟು. ಮಂಡ್ಯಕ್ಕೆ ಎತ್ತಾಕ್ಕೊಂಡ್ ಓಡಿದ್ವಿ, ಈಗ ಹುಷಾರಾಗವ್ರೆ ಬಿಡಿ. ಡಾಕ್ಟ್ರು ಅಸಿಟೈಲ್‌ಕೋಲಿನ್ ಅನ್ನೋ ನರದ ಸುದ್ದಿ ಮುಟ್ಸೋ ಕೆಮಿಕಲ್ ಜಾಸ್ತಿಯಾಗೈತೆ ಅಂದ್ರು. ಪಿಯುಸಿಲಿ ನಾನ್ ಓದಿದ್ದು ಅದು ಸ್ನಾಯು ಬಿಗಿ ಮಾಡುತ್ತೆ ಅಂತ, ಹಂಗಾದ್ರೆ ಎದೆಬಡಿತ ಯಾಕ್ ಕಮ್ಮಿಯಾಯ್ತು? ಇನ್ನೊಂದು, ವಿಷಕ್ಕೆ ಮದ್ದು ಅಂತ ಅಟ್ರೋಪಿನ್ ಕೊಟ್ಮೇಲೆ ಜೊಲ್ಲು ನಿಂತೋಯ್ತು ಆದ್ರೆ ತೊಡೆ ಮಾಂಸ ಒಳಗೆ ಹುಳ ಹರ್ದಂಗೆ ಅದುರ್ತಾನೇ ಇತ್ತು.

ಫಾರ್ಮಸಿ ಅಕ್ಕ, ಮೈಸೂರು:
ತಮ್ಮಾ, ಕೆಮಿಕಲ್ ಒಂದೇ, ಅದನ್ನ ಹಿಡ್ಕೊಳ್ಳೋ ರಿಸೆಪ್ಟರ್ ಬೇರೆ ಬೇರೆ. ನಿಮ್ಮೂರ್ ಲೆಕ್ಕದಲ್ಲೇ ಹೇಳ್ತೀನಿ. ಕೈಕಾಲಿನ ಸ್ನಾಯು ಮೇಲಿರೋದು ನಿಕೋಟಿನಿಕ್ ರಿಸೆಪ್ಟರ್, ಅದು ತಾನೇ ಒಂದು ತೂಬು, 5 ತುಂಡು ಸೇರಿ ಆಗಿರೋದು, ಎರಡು ಅಸಿಟೈಲ್‌ಕೋಲಿನ್ ಅಣು ಬಂದು ಕೂತ್ರೆ ಮಿಲಿಸೆಕೆಂಡಲ್ಲಿ ತೆಗ್ದು ಸೋಡಿಯಂ ಒಳಗೆ ನುಗ್ಗುತ್ತೆ, ಸ್ನಾಯು ಬಿಗಿಯಾಗುತ್ತೆ. ಹೃದಯ, ಜೊಲ್ಲು ಗ್ರಂಥಿ, ಪಾಪೆ ಇವುಗಳಲ್ಲಿರೋದು ಮಸ್ಕರಿನಿಕ್. ಅದ್ರಲ್ಲಿ ತೂಬೇ ಇಲ್ಲ! ಅದು ಒಳಗಿರೋ ಜಿ ಪ್ರೋಟೀನ್ ಅನ್ನೋ ನೀರುಗಂಟಿಗೆ ಸುದ್ದಿ ಮುಟ್ಸುತ್ತೆ, ಅವ್ನು ಹೋಗಿ ಬೇರೆ ತೂಬು ತೆಗೀತಾನೆ. ಅದಕ್ಕೇ ಇದು ನಿಧಾನ. ಹೃದಯದಲ್ಲಿ ಅವ್ನು ತೆಗೆಯೋದು ಪೊಟ್ಯಾಸಿಯಂ ಹೊರಗೆ ಹೋಗೋ ತೂಬು, ಅದ್ರಿಂದ ಬಡಿತ ಇಳಿಯುತ್ತೆ. ಗ್ರಂಥಿಲಿ ಅದೇ ಸುದ್ದಿಗೆ ಬೇರೆ ಕೆಲಸ, ಜೊಲ್ಲು ಸುರಿಯುತ್ತೆ.
ಅಟ್ರೋಪಿನ್ ಮಸ್ಕರಿನಿಕ್ ಜಾಗದಲ್ಲಿ ಮಾತ್ರ ಹೋಗಿ ಕೂತ್ಕೊಳುತ್ತೆ, ಕೂತು ಏನೂ ಮಾಡಲ್ಲ, ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕ್ದಂಗೆ. ಸ್ನಾಯು ಮೇಲಿನ ನಿಕೋಟಿನಿಕ್ ಹತ್ರ ಅದ್ರ ಆಟ ನಡ್ಯಲ್ಲ, ಅದಕ್ಕೇ ತೊಡೆ ಅದುರ್ತಿದ್ದಿದ್ದು.

ಹೊಗೆಸೊಪ್ಪು ಹುಣಸೂರು:
ನಿಕೋಟಿನಿಕ್ ಅನ್ನೋ ಹೆಸ್ರು ಬಂದಿದ್ದೇ ನಮ್ ಸೊಪ್ಪಿನ ನಿಕೋಟಿನ್‌ನಿಂದ 😄 ಮಳೇಲಿ ಒದ್ದೆ ಸೊಪ್ಪು ಮುರಿಯೋರ್ಗೆ ತಲೆಸುತ್ತು ವಾಂತಿ ಬರೋದು ಅದು ಚರ್ಮದಲ್ಲಿ ಇಳ್ದು ಅದೇ ರಿಸೆಪ್ಟರ್ ಮೇಲೆ ಕೂರೋದ್ರಿಂದ. ಮಸ್ಕರಿನ್ ಅಣಬೆಯಿಂದ ಸಿಕ್ಕಿದ್ದು. 1914ರಲ್ಲಿ ಹೆನ್ರಿ ಡೇಲ್ ಅನ್ನೋ ವಿಜ್ಞಾನಿ ಇವೆರಡನ್ನೂ ಇಟ್ಕೊಂಡೇ ಅಸಿಟೈಲ್‌ಕೋಲಿನ್ ಕೆಲಸ ಎರಡು ಥರ ಅಂತ ವಿಂಗಡಿಸಿದ್ದು. ಆಮೇಲೆ 1921ರಲ್ಲಿ ಆಟೋ ಲೋವಿ ಅನ್ನೋ ಇನ್ನೊಬ್ಬ ವಿಜ್ಞಾನಿ ಒಂದು ಕಪ್ಪೆ ಹೃದಯದ ನರಕ್ಕೆ ಕರೆಂಟ್ ಕೊಟ್ಟು ಬಡಿತ ಇಳ್ಸಿ, ಆ ಹೃದಯ ಇಟ್ಟಿದ್ದ ನೀರನ್ನ ಇನ್ನೊಂದು ಹೃದಯಕ್ಕೆ ಹಾಕಿದ್ರೆ ಅದೂ ನಿಧಾನವಾಯ್ತಂತೆ, ಅದಕ್ಕೆ ನರಾನೇ ಮುಟ್ಟಿರ್ಲಿಲ್ಲ ನೋಡಿ. 1936ರಲ್ಲಿ ಇಬ್ರಿಗೂ ನೊಬೆಲ್ ಬಂತು.

ಕೆರಗೋಡು ಹೈದ:
ಸೂಪರ್ ಅಕ್ಕ. ಎರಡನೇ ರಾತ್ರಿ ಹಾಸಿಗೆ ಬಟ್ಟೆ ಎಳೀತಾ ಏನೇನೋ ಮಾತಾಡ್ತಿದ್ರು, ಅಜ್ಜಿ ಗಾಳಿ ಸೋಕೈತೆ ಅಂತ ನಿಂಬೆಹಣ್ಣು ತರ್ಸಿದ್ರು. ಅದೂ ಇದ್ರದ್ದೇನಾ?

ಫಾರ್ಮಸಿ ಅಕ್ಕ, ಮೈಸೂರು:
ಅಲ್ಲೇ ಇದ್ದು ನೋಡದೆ ಖಂಡಿತ ಅನ್ನಕ್ಕಾಗಲ್ಲ, ಆದ್ರೆ ಅಟ್ರೋಪಿನ್ ಜಾಸ್ತಿಯಾದ್ರೆ ಮೆದುಳಲ್ಲಿರೋ ಮಸ್ಕರಿನಿಕ್ ರಿಸೆಪ್ಟರೂ ಮುಚ್ಚೋಗಿ ಹಂಗೇ ಆಗುತ್ತೆ. ಉಮ್ಮತ್ತಿ ಕಾಯಿ ತಿಂದೋರು ಬಡಬಡಿಸೋದೂ ಇದ್ರಿಂದಾನೇ, ಅದ್ರಲ್ಲೂ ಅಟ್ರೋಪಿನ್ ಇದೆ. (ಹಂಗಂತ ವಿಷಕ್ಕೆ ಉಮ್ಮತ್ತಿ ಅರ್ದು ಕುಡ್ಸಕ್ಕೆ ಹೋಗ್ಬೇಡಿ ದಯವಿಟ್ಟು.)
ಒಂದ್ ಮಾತು ಬಿಟ್ಟಿದ್ದೆ. ಅಸಿಟೈಲ್‌ಕೋಲಿನ್ ಕೆಲಸ ಮುಗಿದ ತಕ್ಷಣ ಅದನ್ನ ಒಡ್ದು ಹಾಕೋ ಒಂದು ಕಿಣ್ವ ಇದೆ, ಚಿಕ್ಕಪ್ಪ ಹೊಡೆದ ಔಷಧಿ ಆರ್ಗ್ಯಾನೋಫಾಸ್ಫೇಟ್ ಅನ್ನೋ ಜಾತಿ ಕೀಟನಾಶಕ ಆಗಿದ್ರೆ ಕಟ್ಟಾಕಿದ್ದು ಅದನ್ನೇ. ಒಡೀದೆ ಉಳಿದ ಅಸಿಟೈಲ್‌ಕೋಲಿನ್ ಸ್ನಾಯು ಮೇಲೆ ಹಂಗೇ ಕೂತಿದ್ರೆ ಮೊದ್ಲು ಅದುರುತ್ತೆ, ಆಮೇಲೆ ರಿಸೆಪ್ಟರ್ ದಣ್ದು ಕರೆಗೆ ಓಗೊಡಲ್ಲ, ಸ್ನಾಯು ಸೋಲುತ್ತೆ. ಉಸಿರಾಡೋ ಸ್ನಾಯುನೇ ಸೋತ್ರೆ ವೆಂಟಿಲೇಟರ್ರೇ ಗತಿ. ಪ್ಯಾಮ್ ಅಂತ ಕೊಡೋದು ಆ ಕಿಣ್ವದಿಂದ ವಿಷ ಬಿಡ್ಸಕ್ಕೆ, ತಡ ಆದ್ರೆ ವಿಷ ಗಟ್ಟಿಯಾಗಿ ಅಂಟ್ಕೊಂಡು ಬಿಡೋದೇ ಇಲ್ಲ.

ಕೆರಗೋಡು ಹೈದ:
ಚಿಕ್ಕಪ್ಪಂಗೆ ನೀರುಗಂಟಿ ಕತೆ ಹೇಳ್ದೆ. "ನಮ್ ನೀರುಗಂಟಿ ಯಾವತ್ಲಾ ಹೇಳಿದ್ ತಕ್ಷಣ ತೂಬು ತೆಗ್ದವ್ನೆ" ಅಂತ ನಗ್ತವ್ರೆ. ಸೋರೋ ಕ್ಯಾನ್ ಗುಜರಿಗೆ ಹಾಕ್ದೆ.