ಒಂದೇ ಸ್ಲೈಡ್ ಫಿಲಂ, ಒಂದೇ ಕ್ರಾಸ್ ಪ್ರೊಸೆಸಿಂಗ್. ಬಣ್ಣ ಮಾತ್ರ ಎರಡು ಬಗೆ

ಹವ್ಯಾಸಿ36:
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ಮೇಲುಕೋಟೆಯಲ್ಲಿ ಪ್ರೊವಿಯಾ 100ಎಫ್ ಸ್ಲೈಡ್ ಫಿಲಂನ (ತೊಳೆದರೆ ನೆಗೆಟಿವ್ ಬದಲು ನೇರ ಚಿತ್ರವೇ ಬರುವ ಫಿಲಂ) ಎರಡು ರೋಲ್‌ಗಳನ್ನು ಒಂದೇ ಕ್ಯಾಮೆರಾದಲ್ಲಿ, ಒಂದೇ ಬೆಳಿಗ್ಗೆ, ಒಂದರ ಹಿಂದೊಂದು ಮುಗಿಸಿದೆ. ಕ್ರಾಸ್ ಪ್ರೊಸೆಸಿಂಗ್‌ನಲ್ಲಿ ಬರುವ ಹಸಿರು ಛಾಯೆಯ ಆಸೆಯಿಂದ, ಎರಡನ್ನೂ ಸ್ಲೈಡ್ ಫಿಲಂಗೆಂದೇ ಇರುವ ಇ-6 ದ್ರಾವಣದ ಬದಲು ಮಾಮೂಲಿ ಕಲರ್ ನೆಗೆಟಿವ್‌ಗೆ ಬಳಸುವ ಸಿ-41 ದ್ರಾವಣದಲ್ಲಿ ತೊಳೆಯಬೇಕೆಂದು ಹೇಳಿ, ಒಂದನ್ನು ಇಲ್ಲಿಯೇ ಬೆಂಗಳೂರಿನ ಲ್ಯಾಬಿಗೆ ಕೊಟ್ಟು, ಇನ್ನೊಂದನ್ನು ಹೊರರಾಜ್ಯದ ಲ್ಯಾಬಿಗೆ ಅಂಚೆಯಲ್ಲಿ ಕಳಿಸಿದೆ.

ಮೊದಲ ರೋಲಿನ ಸ್ಕ್ಯಾನ್‌ಗಳಲ್ಲಿ, ಕಲ್ಯಾಣಿಯ ಮೆಟ್ಟಿಲ ಮೇಲೆ ಒಣಹಾಕಿದ್ದ ಬಿಳಿ ಪಂಚೆ ಎಳೆ ನಿಂಬೆಕಾಯಿಯ ಬಣ್ಣಕ್ಕೆ ತಿರುಗಿದೆ, ಮಂಟಪದ ನೆರಳು ನೀಲಿಗಪ್ಪಾಗಿದೆ; ನನಗೆ ಬೇಕಿದ್ದದ್ದು ಅದೇ. ಎರಡನೆಯ ರೋಲಿನಲ್ಲಿ ಅದೇ ಪಂಚೆ ಸೋಪಿನ ಜಾಹೀರಾತಿನಲ್ಲಿರುವಷ್ಟು ಬೆಳ್ಳಗಿದೆ. ಕಪ್ಪು-ಬಿಳುಪಿನ ಅಂತರ ಹೆಚ್ಚಿರುವುದನ್ನು ಬಿಟ್ಟರೆ ಚಿತ್ರದಲ್ಲಿ ವಿಶೇಷವೇನೂ ಇಲ್ಲ. ಎರಡನೆಯ ಲ್ಯಾಬಿನವರು ಹಳೆಯ ದ್ರಾವಣ ಬಳಸಿದರೇ, ಅಥವಾ ನನ್ನ ಮಾತು ಮರೆತು ಇ-6ರಲ್ಲೇ ತೊಳೆದರೇ ಎಂಬುದು ತಿಳಿಯುತ್ತಿಲ್ಲ.

ಕತ್ತಲಕೋಣೆ:
ಲ್ಯಾಬಿನವರನ್ನು ಕೇಳುವ ಮೊದಲು ಫಿಲಂನ ಅಂಚನ್ನು ನೋಡಿ. ಇ-6ರಲ್ಲಿ ತೊಳೆದ ಸ್ಲೈಡ್ ಫಿಲಂನ ಅಂಚು ಕಡುಗಪ್ಪಾಗಿರುತ್ತದೆ, ಅದರ ಮೇಲಿನ ಅಕ್ಷರ ಮತ್ತು ಫ್ರೇಮ್ ಸಂಖ್ಯೆಗಳು ಹೊಳೆಯುತ್ತವೆ. ಸಿ-41ರಲ್ಲಿ ತೊಳೆದಿದ್ದರೆ ಅಂಚು ತಿಳಿಯಾಗಿ, ಅಕ್ಷರಗಳು ಗಾಢವಾಗಿ ಕಾಣುತ್ತವೆ. ಇದರಲ್ಲಿ ಸುಳ್ಳು ಹೇಳಲು ಯಾರಿಗೂ ಸಾಧ್ಯವಿಲ್ಲ.

ಕಾರಣವನ್ನೂ ಹೇಳಿಬಿಡುತ್ತೇನೆ. ಇ-6ರಲ್ಲಿ ಮೊದಲು ಬರುವುದು ಕಪ್ಪು-ಬಿಳುಪು ಡೆವಲಪರ್, ಅಂದರೆ ಚಿತ್ರ ಮೂಡಿಸುವ ದ್ರಾವಣ. ಬೆಳಕು ಬಿದ್ದ ಕಡೆಯೆಲ್ಲ ಅದು ಬೆಳ್ಳಿಯನ್ನು ಮೂಡಿಸಿ ಮುಗಿಸಿದ ಮೇಲೆ, ಉಳಿದ ಭಾಗದಲ್ಲಷ್ಟೇ ಕಲರ್ ಡೆವಲಪರ್ ಬಣ್ಣ ಕಟ್ಟುತ್ತದೆ, ಹೀಗಾಗಿ ನೇರ ಚಿತ್ರ ದೊರೆಯುತ್ತದೆ. ಸಿ-41ರಲ್ಲಿ ಆ ಮೊದಲ ಹಂತವೇ ಇಲ್ಲ. ಬೆಳಕು ಬಿದ್ದ ಕಡೆಯಲ್ಲೇ, 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ, 3 ನಿಮಿಷ 15 ಸೆಕೆಂಡಿನಲ್ಲಿ ಬಣ್ಣ ಕಟ್ಟಿಬಿಡುವುದರಿಂದ ಸ್ಲೈಡ್ ಆಗಬೇಕಿದ್ದದ್ದು ನೆಗೆಟಿವ್ ಆಗುತ್ತದೆ. ಜೊತೆಗೆ ಎರಡೂ ಡೆವಲಪರ್‌ಗಳ ಒಳಗಿನ ರಾಸಾಯನಿಕವೂ ಬೇರೆ: ಇ-6ರದು ಸಿಡಿ-3, ಸಿ-41ರದು ಸಿಡಿ-4. ಸ್ಲೈಡ್ ಫಿಲಂನ ಪದರಗಳನ್ನು ಹದಗೊಳಿಸಿರುವುದು ಸಿಡಿ-3ಕ್ಕೆ. ಸಿಡಿ-4 ಸಿಕ್ಕಿದಾಗ ಹುಟ್ಟುವ ವರ್ಣದ್ರವ್ಯಗಳು ತಯಾರಕರು ಎಣಿಸಿದ ಬಣ್ಣಕ್ಕಿಂತ ತುಸು ಆಚೀಚೆ ಸರಿಯುತ್ತವೆ. ಫಿಲಂನಿಂದ ಫಿಲಂಗೆ ಈ ಸರಿಯುವಿಕೆ ಬೇರೆಯಾದ್ದರಿಂದಲೇ ಪ್ರೊವಿಯಾ ಹಸಿರಿಗೂ ಇನ್ನೊಂದು ಸ್ಲೈಡ್ ಫಿಲಂ ಆದ ವೆಲ್ವಿಯಾ 100 ಕೆಂಪಿಗೂ ವಾಲುತ್ತವೆ. ಅಂಚು ನೋಡಿ ತಿಳಿಸಿ.

ಹವ್ಯಾಸಿ36:
ಧನ್ಯವಾದಗಳು ಸರ್. ಎರಡರ ಅಂಚೂ ತಿಳಿಯಾಗಿದೆ, ಅಕ್ಷರಗಳು ಗಾಢವಾಗಿವೆ. ನೆಗೆಟಿವ್ ಆದ್ದರಿಂದ ಪಂಚೆ ಎರಡರಲ್ಲೂ ಇದ್ದಿಲಿನಂತಿದೆ. ಮೊಬೈಲಿನ ಬಿಳಿ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ಭೂತಗನ್ನಡಿಯಲ್ಲಿ ನೋಡಿದೆ, ವ್ಯತ್ಯಾಸವೇ ಕಾಣಲಿಲ್ಲ.

ಬೆಳಕಿನಪೆಟ್ಟಿಗೆ:
ಹಾಗಾದರೆ ತೊಳೆದವರ ತಪ್ಪಿಲ್ಲ. ನಿಮ್ಮ ಹಸಿರು ಫಿಲಂನಲ್ಲಿ ಇದೆ, ಸ್ಕ್ಯಾನ್ ಮಾಡುವಾಗ ಅಳಿಸಿಹೋಗಿದೆ.

ಮಾಮೂಲಿ ಕಲರ್ ನೆಗೆಟಿವ್‌ಗೆ ಕಿತ್ತಳೆ ಬಣ್ಣದ ಹಿನ್ನೆಲೆ ಇರುವುದು ಎಲ್ಲರಿಗೂ ಗೊತ್ತಿರುವುದೇ. ಲ್ಯಾಬಿನ ಸ್ಕ್ಯಾನರ್ ಆ ಕಿತ್ತಳೆಯನ್ನು ಕಳೆದು, ಉಳಿದದ್ದನ್ನು ತಿರುಗಿಸಿ ಚಿತ್ರ ಮಾಡುತ್ತದೆ. ಸ್ಲೈಡ್ ಫಿಲಂನಲ್ಲಿ ಕಿತ್ತಳೆಯೇ ಇಲ್ಲ. ಇಲ್ಲದ್ದನ್ನು ಕಳೆಯಹೊರಟ ಯಂತ್ರದ ಲೆಕ್ಕ ತಪ್ಪುತ್ತದೆ. ಆಗ ಅದರ ಸ್ವಯಂಚಾಲಿತ ತಿದ್ದುಪಡಿ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆಯಾಗಿ ಹಿಗ್ಗಿಸಿ, ಅತ್ಯಂತ ಬೆಳಕಿನ ಜಾಗ ಬಿಳಿಯೂ ಅತ್ಯಂತ ಕತ್ತಲಿನ ಜಾಗ ಕಪ್ಪೂ ಆಗುವಂತೆ ಕೂರಿಸಿಬಿಡುತ್ತದೆ. ನಿಮ್ಮ ಫ್ರೇಮಿನಲ್ಲಿ ಅತ್ಯಂತ ಬೆಳಕಿನ ಜಾಗ ಯಾವುದು? ಆ ಪಂಚೆ. ಎರಡನೆಯ ಲ್ಯಾಬಿನಲ್ಲಿ ತಿದ್ದುಪಡಿ ಚಾಲೂ ಇತ್ತು, ಮೊದಲನೆಯದರಲ್ಲಿ ಯಾರೋ ಪುಣ್ಯಾತ್ಮರು ಅದನ್ನು ನಿಲ್ಲಿಸಿದ್ದರು ಎಂದೇ ನನ್ನ ಊಹೆ.

ಮನೆಯಲ್ಲೇ ತೆಗೆದು ನೋಡಿ. ಡಿಜಿಟಲ್ ಕ್ಯಾಮೆರಾ, ಮ್ಯಾಕ್ರೋ ಲೆನ್ಸ್, ಬಿಳಿ ಬೆಳಕಿನ ಹಲಗೆ ಇದ್ದರೆ ಸಾಕು. ಎರಡೂ ರೋಲಿನ ಪಂಚೆಯ ಫ್ರೇಮನ್ನು ಒಂದೇ ಎಕ್ಸ್‌ಪೋಷರ್, ಒಂದೇ ವೈಟ್ ಬ್ಯಾಲೆನ್ಸ್‌ನಲ್ಲಿ ರಾ ಫೈಲಾಗಿ (ಕ್ಯಾಮೆರಾ ಬಣ್ಣ ತಿದ್ದದ ಕಡತ) ತೆಗೆದು, ಎಡಿಟಿಂಗ್ ತಂತ್ರಾಂಶದಲ್ಲಿ ಮೂರೂ ಬಣ್ಣಗಳ ರೇಖೆಯನ್ನು (ಕರ್ವ್) ಒಟ್ಟಿಗೆ ತಲೆಕೆಳಗು ಮಾಡಿ, ಬಿಡಿಬಿಡಿಯಾಗಿ ಮುಟ್ಟಬೇಡಿ. ಕಳೆದ ವರ್ಷ ನನ್ನದೊಂದು ಪ್ರೊವಿಯಾ ರೋಲನ್ನು ಹೀಗೆ ಮಾಡಿದಾಗ, ಲ್ಯಾಬಿನ ಸ್ಕ್ಯಾನ್‌ನಲ್ಲಿ ಬೂದಿಯಾಗಿದ್ದ ಸುಣ್ಣದ ಗೋಡೆ ಪಾಚಿ ಕಟ್ಟಿದ ಹಾಗೆ ಹಸಿರಾಗಿ ಎದ್ದು ಬಂತು.

ಇನ್ನೊಂದು ವಿಷಯ. ಕ್ರಾಸ್ ಪ್ರೊಸೆಸಿಂಗ್ ಎಂದರೆ ಚಿತ್ರಕ್ಕೆಲ್ಲ ಒಂದು ಹಸಿರು ಗಾಜು ಹಿಡಿದಂತಲ್ಲ. ಮೂರು ಪದರಗಳೂ ಬೇರೆಬೇರೆ ವೇಗದಲ್ಲಿ ಗಾಢವಾಗುವುದರಿಂದ ಬೆಳಕಿನ ಭಾಗ ಒಂದು ಕಡೆಗೂ ನೆರಳು ಇನ್ನೊಂದು ಕಡೆಗೂ ವಾಲುತ್ತವೆ. ನಿಮ್ಮ ಪಂಚೆ ನಿಂಬೆಯ ಬಣ್ಣಕ್ಕೆ ಹೋದಾಗಲೇ ಮಂಟಪದ ನೆರಳು ನೀಲಿಗೆ ಹೋದದ್ದು ಈ ಕಾರಣಕ್ಕೆ. ಮೊಬೈಲಿನ ಸಿದ್ಧ ಫಿಲ್ಟರುಗಳು ಇದನ್ನು ಅನುಕರಿಸಲು ಹೋಗಿ ಬರಿಯ ಹಸಿರು ಬಳಿಯುತ್ತವೆ, ನೋಡಿದರೆ ಕಾಮಾಲೆ ಬಂದಂತಿರುತ್ತದೆ.

ಮಳೆಬಿಲ್ಲು_ರೋಲ್:
ಸ್ಕ್ಯಾನ್ ವಿಷಯ ಒಪ್ಪುತ್ತೇನೆ. ಆದರೆ ಪಂಚೆ ಇದ್ದಿಲಿನಂತಿದೆ ಎಂದಿರಿ, ಬಿಸಿಲು ಜೋರಾಗಿತ್ತೇ? ಸ್ಲೈಡ್ ಫಿಲಂ ಮೊದಲೇ ಹೆಚ್ಚು ಕಾಂಟ್ರಾಸ್ಟಿನದು, ಸಿ-41ರಲ್ಲಿ ಬಿದ್ದ ಮೇಲಂತೂ ಬಿಳಿಯ ಭಾಗದ ನೇಯ್ಗೆ ಕೈಗೆ ಸಿಗುವುದಿಲ್ಲ. ನಾನು ಕ್ರಾಸ್ ಪ್ರೊಸೆಸಿಂಗ್‌ಗೆ ಮೋಡ ಕವಿದ ದಿನವನ್ನೇ ಕಾಯುತ್ತೇನೆ. ಜೂನ್ ತಿಂಗಳ ಬೆಳಕು ಇದಕ್ಕೆಂದೇ ಮಾಡಿದಂತಿರುತ್ತದೆ. ನೆರಳು ತೀರ ಮುಳುಗದಿರಲೆಂದು ಫಿಲಂಗೆ ತುಸು ಹೆಚ್ಚು ಬೆಳಕು ಬೀಳುವಂತೆ ಮೀಟರಿನ ಐಎಸ್‌ಒವನ್ನು 100ರ ಬದಲು 80ಕ್ಕೆ ಇಡುತ್ತೇನೆ. ಪುಶ್ (ಡೆವಲಪರ್‌ನಲ್ಲಿ ಹೆಚ್ಚು ಹೊತ್ತು ಇಡುವುದು) ಮಾತ್ರ ಮಾಡಿಸಬೇಡಿ, ಇರುವ ಕಾಂಟ್ರಾಸ್ಟೇ ಸಾಕಷ್ಟಿದೆ.

ಹವ್ಯಾಸಿ36:
ಬಿಸಿಲು ಜೋರಾಗಿಯೇ ಇತ್ತು. ನಿನ್ನೆ ರಾತ್ರಿ ತಂಗಿಯ ಡಿಜಿಟಲ್ ಕ್ಯಾಮೆರಾ ತಂದು ಎರಡೂ ಫ್ರೇಮುಗಳನ್ನು ತೆಗೆದು ತಿರುಗಿಸಿದೆ. ಎರಡೂ ಪಂಚೆಗಳು ನಿಂಬೆಯ ಬಣ್ಣದಲ್ಲೇ ಬಂದವು! ಲ್ಯಾಬಿನವರಿಗೆ ಬರೆದಿದ್ದ ಖಾರದ ಪತ್ರವನ್ನು ಕಳಿಸದೆ ಅಳಿಸಿದೆ. ಮುಂದಿನ ಸಲ ಡಬ್ಬಿಯ ಮೇಲೆ ಏನೆಂದು ಬರೆಯಲಿ?

ಕತ್ತಲಕೋಣೆ:
"ಸಿ-41ರಲ್ಲೇ ತೊಳೆಯಿರಿ, ಸ್ಕ್ಯಾನ್‌ನಲ್ಲಿ ಬಣ್ಣ ತಿದ್ದಬೇಡಿ" ಎಂದು ಡಬ್ಬಿಗೂ ಲಕೋಟೆಗೂ ಎರಡಕ್ಕೂ ಅಂಟಿಸಿ, ಏಕೆಂದರೆ ಡಬ್ಬಿ ತೆರೆದ ಮೇಲೆ ಅದು ಎಲ್ಲಿ ಹೋಗುತ್ತದೋ ದೇವರೇ ಬಲ್ಲ.

ನೆಗೆಟಿವ್‌ಗಳನ್ನು ಬೇಗ ಸ್ಕ್ಯಾನ್ ಮಾಡಿ ಮುಗಿಸುವುದೂ ಒಳ್ಳೆಯದು. ಸ್ಲೈಡ್ ಫಿಲಂನ ಮೆಜೆಂಟಾ ಬಣ್ಣ ಬಾಳಿಕೆ ಬರಲು ಬೇಕಾದ ಸಂರಕ್ಷಕ ಇ-6ರ ಪ್ರಿ-ಬ್ಲೀಚ್ ಹಂತದಲ್ಲಿ ಸಿಗುತ್ತದೆ, ಸಿ-41ರಲ್ಲಿ ಆ ಹಂತವಿಲ್ಲ. ಆದ್ದರಿಂದ ಸೆಕೆಯ ಬೀರುವಿನಲ್ಲಿ ವರ್ಷಗಟ್ಟಲೆ ಇಟ್ಟರೆ ನಿಮ್ಮ ನಿಂಬೆಯ ಬಣ್ಣ ಇನ್ನಾವುದೋ ಬಣ್ಣಕ್ಕೆ ತಿರುಗಿರಬಹುದು.