ಥೀಸಿಸ್‌ನಲ್ಲಿ ಪ್ಯಾಸಿವ್ ವಾಯ್ಸ್: ಎಲ್ಲಿ ಬೇಕು, ಎಲ್ಲಿ ಬೇಡ?

ಬೇಲಿಹೂ

ಎಲ್ಲರಿಗೂ ನಮಸ್ಕಾರ. ನಾನು ಕೃಷಿ ಎಂ.ಎಸ್ಸಿ. ಎರಡನೇ ವರ್ಷ, ರಾಗಿ ಹೊಲದ ಮಣ್ಣಿನ ಮೇಲೆ ಥೀಸಿಸ್ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮ. ಮೊದಲ ಡ್ರಾಫ್ಟ್‌ನಲ್ಲಿ ಎಲ್ಲ ಕಡೆ "ವಿ ಕಲೆಕ್ಟೆಡ್", "ವಿ ಮೆಷರ್ಡ್" ಎಂದು ಬರೆದಿದ್ದೆ. ಗೈಡ್ ನೋಡಿ "ಥೀಸಿಸ್‌ನಲ್ಲಿ ವಿ ಬರಬಾರದು, ಎಲ್ಲ ಪ್ಯಾಸಿವ್ ಮಾಡು" ಎಂದರು, ಅಂದರೆ "ವಿ ಕಲೆಕ್ಟೆಡ್ ಸ್ಯಾಂಪಲ್ಸ್" ಬದಲು "ಸ್ಯಾಂಪಲ್ಸ್ ವರ್ ಕಲೆಕ್ಟೆಡ್" ಎನ್ನುವ ಹಾಗೆ. ಎರಡು ರಾತ್ರಿ ಕೂತು ಒಂದೊಂದೇ ವಾಕ್ಯ ಬದಲಾಯಿಸಿದೆ. ಆಮೇಲೆ ಅದೇ ಅಧ್ಯಾಯವನ್ನು ಲೇಖನ ಮಾಡಿ ಒಂದು ಜರ್ನಲ್‌ಗೆ ಕಳಿಸಿದೆ, ಅಲ್ಲಿ ಲೇಖನ ಪರಿಶೀಲಿಸುವ ರಿವ್ಯೂವರ್ "ಪ್ಯಾಸಿವ್ ಜಾಸ್ತಿಯಾಯಿತು, ಯಾರು ಏನು ಮಾಡಿದರು ತಿಳಿಯುತ್ತಿಲ್ಲ" ಎಂದು ಬರೆದಿದ್ದಾರೆ. ಈ ನಾಲ್ಕು ವಾಕ್ಯಗಳ ಕೆಳಗೆ ಗೆರೆ ಎಳೆದಿದ್ದಾರೆ:

1. "ದ ಸ್ಯಾಂಪಲ್ಸ್ ಹ್ಯಾಸ್ ಬೀನ್ ಕಲೆಕ್ಟೆಡ್ ಇನ್ ಜೂನ್ 2023."

2. "ಎ ಚೇಂಜ್ ಇನ್ ಕಲರ್ ವಾಸ್ ಅಕರ್ಡ್."

3. "ಆಫ್ಟರ್ ಡ್ರೈಯಿಂಗ್ ದ ಸಾಯಿಲ್, ದ ಪಿಎಚ್ ವಾಸ್ ಮೆಷರ್ಡ್ ಬೈ ಎ ಗ್ಲಾಸ್ ಎಲೆಕ್ಟ್ರೋಡ್."

4. "ಇಟ್ ಇಸ್ ಬಿಲೀವ್ಡ್ ದಟ್ ಕಾಂಪೋಸ್ಟ್ ಇಂಪ್ರೂವ್ಸ್ ಯೀಲ್ಡ್."

ಯಾರ ಮಾತು ಕೇಳಬೇಕು? ಈ ವಾಕ್ಯಗಳಲ್ಲಿ ನಿಜವಾಗಿ ಏನು ತಪ್ಪಿದೆ? ಬೇಜಾರು ಮಾಡಿಕೊಳ್ಳದೆ ಸ್ವಲ್ಪ ಬಿಡಿಸಿ ಹೇಳಿ.

ಹಳೇಪೆನ್ಸಿಲ್

ನಾನು ವಿಜ್ಞಾನದ ಲೇಖನಗಳನ್ನು ತಿದ್ದುವ ಕೆಲಸ ಮಾಡುತ್ತೇನೆ. ನಿಮ್ಮ ವಾಕ್ಯಗಳಂಥವು ನನ್ನ ಮೇಜಿಗೆ ದಿನಾ ಬರುತ್ತವೆ, ಹಾಗಾಗಿ ನೀವೊಬ್ಬರೇ ಹೀಗೆ ಬರೆಯುತ್ತೀರಿ ಅಂದುಕೊಳ್ಳಬೇಡಿ. ಇವುಗಳ ಬೇರು ಇಂಗ್ಲಿಷಿನಲ್ಲಿಲ್ಲ, ನಮ್ಮ ಕನ್ನಡದಲ್ಲಿದೆ. ಶಾಲೆಯಲ್ಲಿ ಕರ್ಮಣಿ ಪ್ರಯೋಗ ಅಂತ "ರಾವಣನು ರಾಮನಿಂದ ಕೊಲ್ಲಲ್ಪಟ್ಟನು" ಕಲಿಸುತ್ತಾರೆ, ಆದರೆ ನಾವ್ಯಾರೂ ಹಾಗೆ ಮಾತಾಡುವುದಿಲ್ಲ. ವರದಿಯಲ್ಲಿ, ಪತ್ರಿಕೆಯಲ್ಲಿ ನಾವು ಬರೆಯುವುದು "ಮಾಡಲಾಯಿತು", "ಕರೆಯಲಾಗಿದೆ". ತಲೆಯಲ್ಲಿ ಓಡುವುದು ಈ "ಲಾಯಿತು". ಇಂಗ್ಲಿಷಿನ ಪ್ಯಾಸಿವ್ ಅದರ ಹಾಗೆಯೇ ಕಾಣುತ್ತದೆ, ಆದರೆ ನಡೆಯುವ ರೀತಿ ಬೇರೆ.

"ಮಾದರಿಯನ್ನು ಸಂಗ್ರಹಿಸಲಾಯಿತು", "ಮಾದರಿಗಳನ್ನು ಸಂಗ್ರಹಿಸಲಾಯಿತು". ಒಂದಿರಲಿ ಹತ್ತಿರಲಿ, "ಆಯಿತು" ಬದಲಾಗಲಿಲ್ಲ ಅಲ್ವಾ? ಮಾದರಿ ಇಲ್ಲಿ "ಅನ್ನು" ಹಚ್ಚಿಕೊಂಡು ಕರ್ಮವಾಗಿಯೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಅದೇ ಮಾದರಿ ಎದ್ದು ಬಂದು ಕರ್ತೃವಿನ ಜಾಗದಲ್ಲಿ ಕೂರುತ್ತದೆ, ಕ್ರಿಯಾಪದ ಅದರ ಮಾತು ಕೇಳಬೇಕು. ಹಾಗಾಗಿ ಸ್ಯಾಂಪಲ್ಸ್ ಎಂದರೆ "ಹ್ಯಾಸ್" ಆಗುವುದಿಲ್ಲ, "ಹ್ಯಾವ್" ಆಗಬೇಕು. ಆದರೆ ನಿಮ್ಮ ಒಂದನೇ ವಾಕ್ಯಕ್ಕೆ "ಹ್ಯಾವ್ ಬೀನ್" ಕೂಡ ಸರಿಹೋಗುವುದಿಲ್ಲ. ಕನ್ನಡದಲ್ಲಿ "ಜೂನ್ 2023ರಲ್ಲಿ ಸಂಗ್ರಹಿಸಲಾಗಿದೆ" ಎಂದರೆ ಯಾರೂ ತಕರಾರು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಮುಗಿದುಹೋದ ಒಂದು ಕಾಲವನ್ನು ಹೆಸರಿಟ್ಟು ಹೇಳಿದ ಮೇಲೆ "ಹ್ಯಾವ್ ಬೀನ್" ಬರುವಂತಿಲ್ಲ. "ದ ಸ್ಯಾಂಪಲ್ಸ್ ವರ್ ಕಲೆಕ್ಟೆಡ್ ಇನ್ ಜೂನ್ 2023" ಎಂದು ಬರೆಯಿರಿ, ಸಾಕು.

ಎರಡನೆಯದು. "ಸ್ಥಳಕ್ಕೆ ಹೋಗಲಾಯಿತು" ಎಂದು ವರದಿಯಲ್ಲಿ ಬರೆಯುತ್ತೇವೆ, ಅಂದರೆ ಹೋಗು, ಬರು ಇಂಥ ಅಕರ್ಮಕ ಕ್ರಿಯಾಪದಕ್ಕೂ ನಮ್ಮಲ್ಲಿ "ಲಾಯಿತು" ಹತ್ತುತ್ತದೆ. ಇಂಗ್ಲಿಷಿನಲ್ಲಿ ಹತ್ತುವುದಿಲ್ಲ. "ಏನನ್ನು?" ಎಂದು ಕೇಳಿ ನೋಡಿ. ಕಲೆಕ್ಟ್ ಮಾಡಿದ್ದು ಏನನ್ನು? ಮಣ್ಣನ್ನು. ಉತ್ತರ ಸಿಕ್ಕಿತು, ಪ್ಯಾಸಿವ್ ಮಾಡಬಹುದು. ಅಕರ್ ಆಗಿದ್ದು ಏನನ್ನು? ಉತ್ತರವೇ ಇಲ್ಲ. ಹಾಗಾಗಿ "ಎ ಚೇಂಜ್ ಇನ್ ಕಲರ್ ಅಕರ್ಡ್", ಇಲ್ಲವಾದರೆ "ವಾಸ್ ಅಬ್ಸರ್ವ್ಡ್". ಹ್ಯಾಪನ್, ಅಪಿಯರ್, ಡಿಸಪಿಯರ್, ರಿಮೇನ್ ಎಲ್ಲ ಇದೇ ಗುಂಪು. ಕನ್ಸಿಸ್ಟ್ ಕೂಡ. "ದ ಪ್ಲಾಟ್ ಇಸ್ ಕನ್ಸಿಸ್ಟೆಡ್ ಆಫ್ ಸಿಕ್ಸ್ ರೋಸ್" ಎನ್ನುವುದನ್ನು ನಾನು ಎಷ್ಟು ಸಲ ಹೊಡೆದುಹಾಕಿದ್ದೇನೋ ಲೆಕ್ಕವಿಲ್ಲ, "ಕನ್ಸಿಸ್ಟ್ಸ್ ಆಫ್" ಸಾಕು.

ಮೂರನೆಯದರಲ್ಲಿ ಎರಡು ತೊಡಕಿವೆ. "ರಾಮನಿಂದ", "ಕತ್ತಿಯಿಂದ" ಎರಡಕ್ಕೂ ನಮ್ಮಲ್ಲಿ ಒಂದೇ "ಇಂದ". ಇಂಗ್ಲಿಷ್ ಬೇರೆ ಮಾಡುತ್ತದೆ. ಮಾಡಿದವರಿಗೆ "ಬೈ", ಕೈಯಲ್ಲಿ ಹಿಡಿದ ಸಲಕರಣೆಗೆ ಸಾಮಾನ್ಯವಾಗಿ "ವಿತ್". ಅಳೆದದ್ದು ನೀವು, ಎಲೆಕ್ಟ್ರೋಡ್ ಅಲ್ಲ. ಇನ್ನೊಂದು ತೊಡಕು "ಆಫ್ಟರ್ ಡ್ರೈಯಿಂಗ್ ದ ಸಾಯಿಲ್". ಒಣಗಿಸಿದ್ದು ಯಾರು? ಓದುವವರು ಕಾಮಾ ಆದಮೇಲೆ ಬರುವ ಕರ್ತೃವನ್ನೇ ಹಿಡಿದುಕೊಳ್ಳುತ್ತಾರೆ, ಅಲ್ಲಿರುವುದು ಪಿಎಚ್. ಪಿಎಚ್ ಮಣ್ಣು ಒಣಗಿಸಿದ ಹಾಗಾಯಿತು. "ದ ಸಾಯಿಲ್ ವಾಸ್ ಏರ್-ಡ್ರೈಡ್, ಅಂಡ್ ಇಟ್ಸ್ ಪಿಎಚ್ ವಾಸ್ ಮೆಷರ್ಡ್ ವಿತ್ ಎ ಗ್ಲಾಸ್ ಎಲೆಕ್ಟ್ರೋಡ್" ಎಂದು ಮಾಡಿ. ಇದರಲ್ಲೂ ಪ್ಯಾಸಿವ್ ಎರಡು ಸಲ ಬಂದಿದೆ ನೋಡಿ, ಎರಡೂ ಸರಿಯಾಗಿವೆ.

ಮಲೆನಾಡಮಳೆ

ಮೇಲಿನವರು ವ್ಯಾಕರಣ ಚೆನ್ನಾಗಿ ಬಿಡಿಸಿದ್ದಾರೆ. ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು, "ಚೇಂಜ್ ದ ವಾಯ್ಸ್" ಎಂಬ ಪ್ರಶ್ನೆ ನನಗೆ ತುಂಬ ನೋವು ಕೊಡುತ್ತದೆ. ಮಕ್ಕಳಿಗೆ ವಾಕ್ಯ ತಿರುಗಿಸಲು ಕಲಿಸುತ್ತೇವೆ, ಯಾವಾಗ ತಿರುಗಿಸಬೇಕು ಎಂದು ಹೇಳುವುದೇ ಇಲ್ಲ.

ನಿಮ್ಮ ವಾಕ್ಯ ಯಾವುದರ ಬಗ್ಗೆ? ಅದನ್ನು ಮುಂದಿಡಿ. ವಿಧಾನದ ಅಧ್ಯಾಯದಲ್ಲಿ ಓದುವವರು ಹಿಂಬಾಲಿಸುವುದು ಮಣ್ಣನ್ನು. ಮಣ್ಣು ಹೊಲದಿಂದ ಬಂತು, ನೆರಳಲ್ಲಿ ಒಣಗಿತು, 2 ಮಿಲಿಮೀಟರ್ ಜರಡಿ ಹಿಡಿಸಿಕೊಂಡಿತು, ಚೀಲಕ್ಕೆ ಹೋಯಿತು. ಇಲ್ಲಿ "ವರ್ ಡ್ರೈಡ್", "ವರ್ ಸೀವ್ಡ್" ಎಂದರೆ ಕಣ್ಣು ಮಣ್ಣಿನ ಮೇಲೆಯೇ ನಿಲ್ಲುತ್ತದೆ. ಪ್ರತಿ ವಾಕ್ಯಕ್ಕೂ "ವಿ, ವಿ, ವಿ" ಎಂದರೆ ನೀವೇ ಮಣ್ಣಿಗೆ ಅಡ್ಡ ನಿಂತ ಹಾಗಾಗುತ್ತದೆ. ಹಾಗಾಗಿ ಗೈಡ್ ಹೇಳಿದ್ದು ಆ ಅಧ್ಯಾಯದ ಮಟ್ಟಿಗೆ ಸರಿ.

ನಾಲ್ಕನೆಯದರ ಕಥೆ ಬೇರೆ. "ಇಟ್ ಇಸ್ ಬಿಲೀವ್ಡ್" ಎಂದರೆ ನಂಬುವವರು ಯಾರು? ರೈತರಾ, ಹಿಂದಿನ ಸಂಶೋಧಕರಾ, ನೀವಾ? ವ್ಯಾಕರಣ ಸರಿ ಇದೆ, ಆದರೆ ವಾಕ್ಯಕ್ಕೆ ಯಜಮಾನ ಇಲ್ಲ. ಬೇರೆಯವರ ಮಾತಾದರೆ ಅವರ ಹೆಸರು, ವರ್ಷ ಕೊಡಿ. ನಿಮ್ಮ ಮಾತಾದರೆ ಧೈರ್ಯವಾಗಿ "ವಿ ಸಜೆಸ್ಟ್" ಎನ್ನಿ. ಚರ್ಚೆಯ ಅಧ್ಯಾಯದಲ್ಲಿ ರಿವ್ಯೂವರ್ ಹೇಳಿದ್ದೇ ಸರಿ, ಯಾಕೆಂದರೆ ಅಲ್ಲಿ ಯಾರು ಹೇಳುತ್ತಿದ್ದಾರೆ ಎಂಬುದೇ ಮುಖ್ಯ.

ದೂರದೂರಿನವ

ನಾನು ಹೊರದೇಶದಲ್ಲಿ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಮಾಡುತ್ತಿದ್ದೇನೆ, ಚಿಕ್ಕದಾಗಿ ಒಂದು ಮಾತು. "ವಿ ಬರಬಾರದು" ಎಂಬುದು ಎಲ್ಲ ಕಡೆಯ ನಿಯಮವಲ್ಲ. ನೇಚರ್ ಎಂಬ ವಿಜ್ಞಾನ ಪತ್ರಿಕೆ ಲೇಖಕರು ಆಕ್ಟಿವ್‌ನಲ್ಲಿ ಬರೆದರೆ ಒಳ್ಳೆಯದು ಎನ್ನುತ್ತದೆ. ಡಿಎನ್‌ಎ ರಚನೆಯ ಬಗ್ಗೆ ವಾಟ್ಸನ್ ಮತ್ತು ಕ್ರಿಕ್ 1953ರಲ್ಲಿ ಅದೇ ಪತ್ರಿಕೆಗೆ ಬರೆದ ಲೇಖನ ಶುರುವಾಗುವುದೇ "ವಿ ವಿಶ್ ಟು ಸಜೆಸ್ಟ್" ಎಂದು. ಅಷ್ಟು ದೊಡ್ಡ ಮಾತನ್ನು ಹೇಳುವಾಗ ಅವರು "ಇಟ್ ಇಸ್ ಸಜೆಸ್ಟೆಡ್" ಎಂದು ಮರೆಗೆ ಸರಿಯಲಿಲ್ಲ.

ಆದರೆ ಥೀಸಿಸ್ ನಿಮ್ಮ ವಿಶ್ವವಿದ್ಯಾಲಯಕ್ಕೆ ಕೊಡುವುದು, ಅಲ್ಲಿಯ ಪದ್ಧತಿ ಹಾಗಿದ್ದರೆ ಜಗಳ ಬೇಡ. ಎರಡು ಪ್ರತಿ ಇಟ್ಟುಕೊಳ್ಳಿ. ಜರ್ನಲ್‌ಗೆ ಕಳಿಸುವ ಮೊದಲು ಅವರ ಸೂಚನೆ ಓದಿ, ಜೊತೆಗೆ ಅದೇ ಜರ್ನಲ್‌ನ ಮೂರ್ನಾಲ್ಕು ಹೊಸ ಲೇಖನ ತೆಗೆದು ಬರೀ ಕ್ರಿಯಾಪದಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಾ ಹೋಗಿ. ನಾನು ಹಾಗೇ ಕಲಿತದ್ದು.

ಬೇಲಿಹೂ

ತುಂಬ ಥ್ಯಾಂಕ್ಸ್. "ಏನನ್ನು?" ಎಂದು ಕೇಳುತ್ತಾ ಇಡೀ ಅಧ್ಯಾಯ ನೋಡಿದೆ, ಇನ್ನೂ ಎರಡು ಕಡೆ "ವಾಸ್ ರಿಮೇನ್ಡ್" ಸಿಕ್ಕಿತು, ತೆಗೆದೆ. ನಾಲ್ಕನೆಯದನ್ನು ಹೀಗೆ ಮಾಡಿದ್ದೇನೆ: "ವಿ ಸಜೆಸ್ಟ್ ದಟ್ ಕಾಂಪೋಸ್ಟ್ ಇಂಪ್ರೂವ್ಡ್ ಯೀಲ್ಡ್ ಬೈ ಹೋಲ್ಡಿಂಗ್ ಮೋರ್ ವಾಟರ್ ಇನ್ ದ ಸಾಯಿಲ್." ಇನ್ನೊಂದು ಸಂಶಯ. ಥೀಸಿಸ್ ಪ್ರತಿಯಲ್ಲಿ "ವಿ" ಬಿಡಲೇಬೇಕು. ಅಲ್ಲಿ "ಇಟ್ ಇಸ್ ಸಜೆಸ್ಟೆಡ್" ಎಂದು ಮತ್ತೆ ಹಳೇ ದಾರಿಗೇ ಹೋಗಬೇಕಾ?

ಹಳೇಪೆನ್ಸಿಲ್

ಬೇಡ. ಮಾಹಿತಿಯನ್ನೇ ಕರ್ತೃ ಮಾಡಿ: "ದೀಸ್ ರಿಸಲ್ಟ್ಸ್ ಸಜೆಸ್ಟ್ ದಟ್..." ವಿ ಇಲ್ಲ, ಪ್ಯಾಸಿವ್ ಇಲ್ಲ, ಮಾತು ಎಲ್ಲಿಂದ ಬಂತು ಅನ್ನುವುದೂ ಗೊತ್ತಾಗುತ್ತದೆ. "ಟೇಬಲ್ 3 ಶೋಸ್" ಎನ್ನುವುದೂ ಇದೇ ಜಾತಿಯದು. ಹಾಂ, ನೀರಿನಂಶ ನೀವು ಅಳೆದಿದ್ದರೆ ಮಾತ್ರ ಆ "ಹೋಲ್ಡಿಂಗ್ ಮೋರ್ ವಾಟರ್" ಇಡಿ.

ಬೇಲಿಹೂ

ಅಳೆದಿದ್ದೇನೆ, ಟೇಬಲ್ 4ರಲ್ಲಿದೆ. ಅದನ್ನೂ ವಾಕ್ಯದಲ್ಲೇ ಸೇರಿಸುತ್ತೇನೆ.